ಸೊಹಾರಿನ ಮುಯ್ಯಾಳು

ನನ್ನ ತಮ್ಮನನ್ನು ಅತಿಕ್ರಮಣಕಾರ ಎಂದು ಕರೆದಿರುವ ಕಾಗದವೊಂದು ನನ್ನ ಬಳಿ ಇದೆ. ಆರು ವರ್ಷ ಅದೇ ಗೇಟಿನೊಳಗೆ ಹೋಗಿ, ಅದೇ ಉಕ್ಕಿನ ಹಲಗೆಗಳನ್ನು ಬೆಸೆದು, ಅದೇ ಬಿಸಿಲಿನಲ್ಲಿ ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದು ಎದ್ದವನನ್ನು, ಬಲಗೈಯ ಮೂರು ಬೆರಳು ಹೋದ ಮರುದಿನ ಆ ಕಂಪನಿ ಅಪರಿಚಿತನನ್ನಾಗಿ ಮಾಡಿತು. ಅವನು ಕೆಲಸಗಾರನಾಗಿ ಅಲ್ಲಿರಲಿಲ್ಲ, ಅಪ್ಪಣೆಯಿಲ್ಲದೆ ನುಗ್ಗಿದ್ದ, ಆದ್ದರಿಂದ ಆ ಬೆರಳುಗಳಿಗೆ ಯಾರೂ ಹೊಣೆಯಲ್ಲ ಎಂಬುದು ಆ ಕಾಗದದ ಸಾರ. ಆ ಒಂದು ಪದವನ್ನು ತೆಗೆಸುತ್ತೇನೆಂದು ಹೊರಟವಳು ನಾನು. ಅದನ್ನು ಇನ್ನಷ್ಟು ಗಟ್ಟಿಮಾಡಿ ಕೊಟ್ಟವಳೂ ನಾನೇ.

ಪಾಂಡವಪುರದ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಹುಟ್ಟಿದ್ದು ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಲ್ಲಿ. ಓದಿದ್ದು ಮೈಸೂರಿನ ಒಂದು ಹಾಸ್ಟೆಲಿನಲ್ಲಿ. ಹೆಸರಿನ ಬಾಲದಿಂದ ಜಾತಿಯನ್ನು ಕತ್ತರಿಸುವುದನ್ನು, ಮನೆಯೊಳಗಿನ ಹೆಂಗಸರ ದುಡಿಮೆಯನ್ನು ದುಡಿಮೆಯೆಂದೇ ಕರೆಯುವುದನ್ನು, ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಬರೆದು ಒಂದರ ಮೇಲೆ ಸ್ವೀಕೃತಿಯ ಸಹಿ ಪಡೆಯುವುದನ್ನು ಅಲ್ಲಿ ಕಲಿತೆ. ಅನ್ಯಾಯವನ್ನು ಅದರ ಹೆಸರಿನಿಂದ ಕರೆದರೆ ಅರ್ಧ ಗೆದ್ದಂತೆ ಎಂದು ನಂಬಿದ್ದೆ. ಪಡಿತರದ ಅಂಗಡಿಯ ತಕ್ಕಡಿ, ಕಬ್ಬಿನ ಲಾರಿಯ ಕೆಳಗೆ ಮಲಗುವ ಕಟಾವಿನ ಹೆಂಗಸರು, ಕಲ್ಲುಕ್ವಾರಿಯ ಸಿಡಿತಕ್ಕೆ ಬಿರಿದ ಗೋಡೆಗಳು: ಇವೆಲ್ಲದರ ಬಗ್ಗೆ ಬರೆದಿದ್ದೇನೆ, ಧರಣಿ ಕೂತಿದ್ದೇನೆ, ಕೆಲವು ಸಲ ಗೆದ್ದಿದ್ದೇನೆ.

ಸೊಹಾರ್ ನನಗೆ ಮೊದಲು ಪರಿಚಯವಾದದ್ದು ಪಾಠದ ಊರಾಗಿ. ಅರಬ್ ಕರಾವಳಿಯಲ್ಲಿ, ಇಂದಿನ ಒಮಾನ್ ದೇಶದಲ್ಲಿ, ಅದೊಂದು ಪುರಾತನ ಬಂದರು. ಹಿಂಬದಿಯ ಬೆಟ್ಟಗಳಲ್ಲಿ ಕರಗಿದ ತಾಮ್ರ ಅಲ್ಲಿಂದ ಹಡಗು ಹತ್ತುತ್ತಿತ್ತು. ಚೀನಾದ ಪಿಂಗಾಣಿ, ಆಫ್ರಿಕಾದ ದಂತ, ನಮ್ಮ ಕರಾವಳಿಯ ತೇಗ ಅಲ್ಲಿ ಕೈ ಬದಲಾಯಿಸುತ್ತಿದ್ದವು. ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದಾಗ ಕೋಟೆಯ ಗೋಡೆಯ ನೆರಳಿನಲ್ಲಿ ನಿಲ್ಲಿಸಿ, ಈ ಪಟ್ಟಣದ ಸುಲ್ತಾನ ಅದೇ ಕರಾವಳಿಯ ಮಸ್ಕತ್ತಿನಲ್ಲಿ ತನ್ನ ವ್ಯಾಪಾರದ ಕೋಠಿ ಇಟ್ಟಿದ್ದ, ನಮ್ಮ ಗಂಧ, ಮೆಣಸು ಅಲ್ಲಿಗೆ ಹೋಗುತ್ತಿತ್ತು ಎಂದು ಹೇಳುವಾಗ ನನ್ನ ದನಿಯಲ್ಲೊಂದು ಹೆಮ್ಮೆ ಇರುತ್ತಿತ್ತು. ಈಗಲೂ ಆ ಪಾಠ ಮಾಡುತ್ತೇನೆ, ಒಂದು ಮಾತು ಸೇರಿಸಿ: ಗಂಧ ಇಲ್ಲಿಂದ ಹೊರಡುವಾಗ ಅದರ ತೂಕ ಬರೆದುಕೊಳ್ಳುತ್ತಿದ್ದರು, ಅಲ್ಲಿ ತೂಕ ಕಡಿಮೆ ಬಿದ್ದರೆ ಕೇಳುವವರಿದ್ದರು.

ತಮ್ಮ ನಾಗಮಂಗಲದಲ್ಲಿ ಐಟಿಐ ಮುಗಿಸಿ, ಕೆ.ಆರ್. ಪೇಟೆಯ ಒಂದು ಶೆಡ್ಡಿನಲ್ಲಿ ಟ್ರಾಕ್ಟರ್ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಅಲ್ಲಿಗೇ ಬಂದ ಏಜೆಂಟನೊಬ್ಬ ಅವನ ಬೆಸುಗೆಯ ಗೆರೆ ನೋಡಿ, ಇದು ಇಲ್ಲಿರಬೇಕಾದ ಕೈಯಲ್ಲ ಎಂದನಂತೆ. ಹೀಗೆ ಹೋದ. ಸೊಹಾರಿನ ಹೊಸ ಬಂದರಿನ ಹಿಂದೆ, ಕಾರ್ಖಾನೆಗಳಿಗೆ ಬೇಕಾದ ಉಕ್ಕಿನ ಚೌಕಟ್ಟುಗಳನ್ನು ಮಾಡಿಕೊಡುವ ಒಬ್ಬ ಗುತ್ತಿಗೆದಾರನ ಯಾರ್ಡು. ವಾಸಕ್ಕೆ ತಗಡಿನ ಕ್ಯಾಂಪು, ಒಂದು ಕೋಣೆಗೆ ಎಂಟು ಜನ. ಆ ಎಂಟರಲ್ಲಿ ಇನ್ನೊಬ್ಬ ನಮ್ಮ ಕಡೆಯವನೇ, ಗೋವಿಂದನಹಳ್ಳಿಯವನು. ಅವನ ಗದ್ದೆಗೂ ನಮ್ಮ ಗದ್ದೆಗೂ ನಡುವೆ ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ. ಊರಿನಲ್ಲಿ ಪರಿಚಯವಿರದ ಇಬ್ಬರೂ ಅಲ್ಲಿ ಒಂದೇ ಮಂಚದ ಮೇಲಿನ ಹಾಸಿಗೆ, ಕೆಳಗಿನ ಹಾಸಿಗೆಯವರಾದರು.

ಇಬ್ಬರೂ ತಮ್ಮ ಜೊತೆ ಊರಿನ ಒಂದು ರೂಢಿಯನ್ನೂ ಒಯ್ದಿದ್ದರು.

ನಮ್ಮ ಕಡೆ ಭತ್ತದ ನಾಟಿಯ ಕಾಲದಲ್ಲಿ ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿಯಿಲ್ಲ, ಕಾಗದವಿಲ್ಲ. ಹಾಗೆ ಬಂದವರನ್ನು ಮುಯ್ಯಾಳು ಎನ್ನುತ್ತಾರೆ. ಬರಲಾಗದವನು ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸುತ್ತಾನೆ. ಗದ್ದೆಯವನು ಬಂದವನ ಮುಖ ನೋಡುವುದಿಲ್ಲ, ಸಾಲು ನೇರವಿದೆಯೇ ಎಂದು ನೋಡುತ್ತಾನೆ. ಒಂದು ದಿನಕ್ಕೆ ಒಂದು ದಿನ. ನಾಟಿ ಮಾಡುವ ಯಂತ್ರ ಬಂದ ಮೇಲೂ ಸಣ್ಣ ತಾಕುಗಳವರು ಇದನ್ನು ಬಿಟ್ಟಿಲ್ಲ. ಮುಯ್ಯಿ ಮರೆತವನನ್ನು ನಾನು ಕಂಡಿಲ್ಲ.

ಆ ಕ್ಯಾಂಪಿನಲ್ಲಿ ಕಾಯಿಲೆಯ ರಜೆ ಎಂಬುದು ಗೋಡೆಗೆ ಅಂಟಿಸಿದ ನಿಯಮಾವಳಿಯಲ್ಲಿ ಮಾತ್ರ ಇತ್ತು. ಜ್ವರವೆಂದು ಒಂದು ದಿನ ಮಲಗಿದವನಿಗೆ ಎರಡು ದಿನದ ಸಂಬಳ ಮುರಿಯುತ್ತಿದ್ದರು, ಮೂರನೆಯ ಸಲ ಊರಿಗೆ ಕಳಿಸುತ್ತೇವೆಂದು ಹೆದರಿಸುತ್ತಿದ್ದರು. ಆದ್ದರಿಂದ ನಮ್ಮವರಿಬ್ಬರೂ ತಮಗೆ ಗೊತ್ತಿದ್ದ ದಾರಿ ಹಿಡಿದರು. ವಾರದ ರಜೆ ಇಬ್ಬರಿಗೂ ಬೇರೆ ಬೇರೆ ದಿನ. ಒಬ್ಬನಿಗೆ ಏಳಲಾಗದಿದ್ದರೆ ಇನ್ನೊಬ್ಬ ತನ್ನ ರಜೆಯ ದಿನ ಅವನ ಪಾಸು ಕೊರಳಿಗೆ ಹಾಕಿಕೊಂಡು, ಮುಖಕ್ಕೆ ಬಟ್ಟೆ ಸುತ್ತಿ, ಹೆಲ್ಮೆಟ್ ಇಟ್ಟು ಹೋಗುತ್ತಿದ್ದ. ಮುಂದಿನ ವಾರ ಅದು ತಿರುಗಿ ಬರುತ್ತಿತ್ತು.

ಒಂದು ಶುಕ್ರವಾರ ಗೋವಿಂದನಹಳ್ಳಿಯವನು ಕಣ್ಣಿಗೆ ವೆಲ್ಡಿಂಗಿನ ಬೆಳಕು ಹೊಡೆದು ರೆಪ್ಪೆ ತೆರೆಯಲಾಗದೆ ಬಿದ್ದಿದ್ದ. ತಮ್ಮ ಅವನ ಬದಲು ಹೋದ. ಹತ್ತು ಗಂಟೆಯ ಹೊತ್ತಿಗೆ ಎತ್ತುತ್ತಿದ್ದ ಹಲಗೆಯ ಸರಪಳಿ ಜಾರಿತು.

ಸುದ್ದಿ ಬಂದು, ನಾನು ರಜೆ ಹಾಕಿ ಸೊಹಾರಿಗೆ ಹೊರಡುವ ಮುನ್ನ ಅವ್ವ ಗಂಜಾಂಗೆ ಕರೆದುಕೊಂಡು ಹೋಗೆಂದು ಹಟ ಹಿಡಿದಳು. ನಿಮಿಷಾಂಬೆಯ ಗುಡಿಯ ಒಳಗೆ ನಾನು ಹೋಗುವುದಿಲ್ಲ. ಅದು ನನ್ನ ತೀರ್ಮಾನ, ಅವ್ವನಿಗೂ ಗೊತ್ತು. “ಒಳಿಕ್ ಬರ್ದಿದ್ರೂ ಸೈ ಕಣವ್ವ, ನನ್ ಚಪ್ಲಿ ಕಾಯಿ. ಅದ್ಕೇನ್ ನಿನ್ ಸಿದ್ಧಾಂತ ಅಡ್ಡ ಬರಾಕಿಲ್ವಲ್ಲ,” ಎಂದಳು. ಕಾವೇರಿಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು ಕೂತು, ನಾನು ಆ ಕಂಪನಿಗೆ ಬರೆಯಬೇಕಾದ ಪತ್ರದ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟತೊಡಗಿದೆ. ಅಷ್ಟು ಸೊಕ್ಕಿತ್ತು ನನಗೆ.

ಮಸ್ಕತ್ತಿನಿಂದ ಸೊಹಾರಿಗೆ ಬಸ್ಸು. ಎಡಕ್ಕೆ ಬೋಳು ಬೆಟ್ಟ, ಬಲಕ್ಕೆ ಖರ್ಜೂರದ ತೋಟಗಳ ಸಂದಿನಲ್ಲಿ ಆಗಾಗ ಕಡಲು. ಊರು ಬೆಳ್ಳಗಿದೆ, ಅಗಲವಾಗಿದೆ, ಬೀದಿಯಲ್ಲಿ ಕಸವಿಲ್ಲ. ಊರು ದಾಟಿ ಉತ್ತರಕ್ಕೆ ಹೋದರೆ ಬಂದರು: ಚಿಮಣಿಗಳು, ದುಂಡನೆಯ ತೊಟ್ಟಿಗಳು, ಕ್ರೇನುಗಳು, ಒಳಗೆ ಬರಲು ಕಾದು ನಿಂತ ಹಡಗುಗಳು. ಸಾವಿರ ವರ್ಷದ ಹಿಂದೆ ಲೋಹ ಕರಗಿಸಿದ ಊರು ಈಗಲೂ ಅದನ್ನೇ ಮಾಡುತ್ತಿದೆ. ಗಾಳಿಯಲ್ಲಿ ಉಪ್ಪಿನ ಜೊತೆ ಇನ್ನೊಂದು ವಾಸನೆ. ಬಸ್ಸಿನ ನಿರ್ವಾಹಕನನ್ನು ಕೇಳಿದರೆ ತನಗೆ ಏನೂ ಬರುತ್ತಿಲ್ಲವೆಂದ.

ಆಸ್ಪತ್ರೆಯಲ್ಲಿ ತಮ್ಮ ಎದ್ದು ಕೂತಿದ್ದ.

“ಯಾಕಕ್ಕ ಬಂದೆ? ಪರೀಕ್ಷೆ ಟೈಮಲ್ವಾ?”

“ಕೈ ತೋರ್ಸು.”

“ಏನ್ ತೋರ್ಸಾನ, ಬಟ್ಟೆ ಸುತ್ತವ್ರೆ. ಎಡಗೈಲಿ ಮುದ್ದೆ ಮುರಿಯಾದ್ ಕಲ್ತ್ಕಂಡ್ರಾಯ್ತು ಬುಡು.” ನಕ್ಕ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. “ಅವ್ರು ಒಂದ್ ಪೇಪರ್ಗೆ ಎಬ್ಬೆಟ್ ಒತ್ತುಸ್ಕಂಡ್ರು ಕಣಕ್ಕ. ನೋವ್ನಲ್ಲಿದ್ದೆ. ಇಂಗ್ಲಿಷು. ಆಸ್ಪತ್ರೆದು ಅನ್ಕಂಡೆ.”

ಆ ಕಾಗದವೇ ಇದು. ಬಲಗೈ ಬಟ್ಟೆಯೊಳಗಿದ್ದದ್ದರಿಂದ ಎಡಗೈಯ ಹೆಬ್ಬೆಟ್ಟು ಒತ್ತಿಸಿದ್ದರು. ಆರು ವರ್ಷ ಸಂಬಳಕ್ಕೆ ಸಹಿ ಹಾಕಿದವನ ಕೈಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅವರಿಗೆ ಯಾವ ಅನುಮಾನವೂ ಬರಲಿಲ್ಲ.

ಕ್ಯಾಂಪಿನ ಗೇಟಿನ ಹೊರಗೆ, ಒಂದು ಚಹಾದ ಅಂಗಡಿಯ ಮುಂದೆ ಗೋವಿಂದನಹಳ್ಳಿಯವನನ್ನು ಕಂಡೆ. ತೆಳ್ಳಗಿನ ಆಳು, ಕಣ್ಣು ಇನ್ನೂ ಕೆಂಪು. ನನ್ನನ್ನು ನೋಡಿದೊಡನೆ ಕೈ ಮುಗಿದು, ಮುಗಿದ ಕೈಯನ್ನು ಇಳಿಸಲು ಮರೆತು ನಿಂತ.

“ಫೋರ್‌ಮನ್‌ಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಗೊತ್ತಿಲ್ದೆ? ಎಷ್ಟ್ ಸಲ ಇಂಗೆ ಓಗಿ ಬಂದಿವಿ. ‘ನಂಗೆ ಹತ್ತು ಹೆಲ್ಮೆಟ್ ಬೇಕು, ಕೆಳಗೆ ಯಾವನ ತಲೆ ಇದ್ರೆ ನನಗೇನು’ ಅಂತ ಅವ್ನೇ ಅಂದಿದ್ದ. ಆವತ್ತೂ ಎಣಿಸ್ದ. ಇವನ್ನ ಮಕ ನೋಡೇ ಒಳಿಕ್ ಬುಟ್ಟ ಅಂತ ಜತೇಲಿದ್ದ ನಮ್ ರೂಮ್ನೋರು ಯೋಳುದ್ರು.”

“ಅದನ್ನ ಬರೆದು ಕೊಡು.”

ಅವನು ಚಹಾದ ಲೋಟ ತಿರುಗಿಸುತ್ತ ಕೂತ. “ಬರ್ದ್ ಕೊಟ್ರೆ ನನ್ನೂ ಅದೇ ಇಮಾನಕ್ ಅತ್ತುಸ್ತಾರೆ ಅಕ್ಕ. ಇಲ್ಲೀವರ್ಗೂ ನಾನ್ ಏನೂ ಯೋಳಿಲ್ಲ. ಪಾಸು ಎಂಗೋಯ್ತು ಅಂತ ಕೇಳುದ್ರು. ಕಣ್ ಕಾಣ್ತಿರ್ನಿಲ್ಲ ಅಂದೆ. ಅದು ಸುಳ್ಳಲ್ಲ.”

ಯಾರ್ಡಿನ ಸುರಕ್ಷತಾ ಅಧಿಕಾರಿ ನಮ್ಮ ದೇಶದವನೇ. ಇಸ್ತ್ರಿಯ ಅಂಗಿ, ಮೇಜಿನ ಮೇಲೆ ಮಕ್ಕಳ ಫೋಟೊ. ಬಹಳ ಸೌಜನ್ಯದಿಂದ ಕೂರಿಸಿ ನೀರು ಕೊಟ್ಟ. “ಮೇಡಂ, ದಾಖಲೆಯ ಪ್ರಕಾರ ನಿಮ್ಮ ತಮ್ಮ ಆ ದಿನ ರಜೆಯಲ್ಲಿದ್ದರು. ರಜೆಯಲ್ಲಿರುವವರಿಗೆ ನಮ್ಮ ಆವರಣದಲ್ಲಿ ಅಪಘಾತವಾಗಲು ಸಾಧ್ಯವಿಲ್ಲ,” ಎಂದ. ಸಾಧ್ಯವಿಲ್ಲ ಎಂಬ ಮಾತನ್ನು ಅವನು ಅಷ್ಟು ಮೃದುವಾಗಿ ಹೇಳಿದ. ಹೊರಗೆ ಬರುವಾಗ ಗೇಟಿನ ಪಕ್ಕದ ದೊಡ್ಡ ಹಲಗೆ ಕಣ್ಣಿಗೆ ಬಿತ್ತು: ಅಪಘಾತವಿಲ್ಲದೆ ಕಳೆದ ದಿನಗಳು ಎಂದು ಮೂರು ಭಾಷೆಗಳಲ್ಲಿ ಬರೆದು, ಕೆಳಗೆ ಒಂದು ಅಂಕೆ ತೂಗುಹಾಕಿದ್ದರು. ಆ ಅಂಕೆ ಶುಕ್ರವಾರದ ನಂತರವೂ ಸೊನ್ನೆಗೆ ಇಳಿದಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಕಾವಲುಗಾರ ಏಣಿ ಹತ್ತಿ, ನಿನ್ನೆಯ ತಗಡು ತೆಗೆದು ಇವತ್ತಿನ ತಗಡು ಸಿಕ್ಕಿಸಿದ. ಒಂದು ದಿನ ಹೆಚ್ಚಾಯಿತು.

ನಾನು ಬದುಕಿನಲ್ಲಿ ಬಹಳ ಸುಳ್ಳುಗಳನ್ನು ನೋಡಿದ್ದೇನೆ. ದಿನವೂ ಬೆಳಿಗ್ಗೆ ಏಣಿ ಹತ್ತಿ ಒಂದೊಂದು ಅಂಕೆ ಬೆಳೆಸುವ ಸುಳ್ಳನ್ನು ನೋಡಿದ್ದು ಅದೇ ಮೊದಲು.

ಮರುದಿನ ಆಸ್ಪತ್ರೆಯ ಭೇಟಿಯ ಹೊತ್ತು ಆಗುವವರೆಗೆ ಊರಿನ ಕೋಟೆಗೆ ಹೋದೆ. ಸುಣ್ಣ ಬಳಿದಷ್ಟು ಬೆಳ್ಳಗಿನ ಕೋಟೆ, ಒಳಗೊಂದು ವಸ್ತುಸಂಗ್ರಹಾಲಯ, ಅಂಗಳದಲ್ಲಿ ಅಗೆದು ತೆಗೆದ ಹಳೆಯ ಇಟ್ಟಿಗೆಯ ಗೋಡೆಗಳು. ನಾನು ತರಗತಿಯಲ್ಲಿ ವರ್ಣಿಸುತ್ತಿದ್ದದ್ದೆಲ್ಲ ಗಾಜಿನ ಹಿಂದೆ ಇತ್ತು. ಅಲ್ಲಿಯ ವಯಸ್ಸಾದ ಕಾವಲುಗಾರ, ಆ ಊರಿನವನೇ, ನನ್ನ ಸೀರೆ ನೋಡಿ ಹಿಂದಿಯಲ್ಲಿ ಮಾತನಾಡಿಸಿದ. ತನ್ನ ಅಜ್ಜ ಖರ್ಜೂರ ತುಂಬಿಕೊಂಡು ಮಂಗಳೂರಿಗೆ ಹೋಗಿ ಅಕ್ಕಿ ತರುತ್ತಿದ್ದ ಎಂದ. ತಾಮ್ರ ಕರಗಿಸಿ ಉಳಿದ ಕಪ್ಪು ಕಿಟ್ಟದ ಒಂದು ಗಟ್ಟಿಯನ್ನು ನನ್ನ ಅಂಗೈ ಮೇಲಿಟ್ಟ. ಇಷ್ಟು ದೂರ ಯಾರನ್ನು ನೋಡಲು ಬಂದಿರಿ ಎಂದು ಕೇಳಿದ. ತಮ್ಮನನ್ನು, ಬಂದರಿನ ಕಡೆ ಕೆಲಸ, ಈಗ ಆಸ್ಪತ್ರೆಯಲ್ಲಿದ್ದಾನೆ ಎಂದೆ.

“ಕೈಯೋ, ಕಾಲೋ?” ಎಂದು ಕೇಳಿದ ಆ ಮುದುಕ.

ಬೇರೇನನ್ನೂ ಕೇಳಲಿಲ್ಲ. ಕೈ ಎಂದೆ. ತಲೆ ಅಲ್ಲಾಡಿಸಿ, ತನ್ನ ಜೇಬಿನಿಂದ ನಾಲ್ಕು ಖರ್ಜೂರ ತೆಗೆದು ಕಿಟ್ಟದ ಪಕ್ಕದಲ್ಲೇ ಇಟ್ಟ.

ಅಲ್ಲಿಯ ಫಲಕಗಳಲ್ಲಿ ದೊರೆಗಳಿದ್ದರು, ವರ್ತಕರಿದ್ದರು, ಹಡಗಿನ ವಿಧಗಳಿದ್ದವು. ಆ ಬೆಟ್ಟದ ಬಿಲದೊಳಗೆ ತೂರಿ ತಾಮ್ರ ಅಗೆದವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಊರನ್ನು ಬೈಯಬೇಕೆಂದು ಬಾಯಿ ತೆರೆದವಳಿಗೆ ಆಗ ನೆನಪಾಯಿತು: ಇಪ್ಪತ್ತು ವರ್ಷ ಪಾಠ ಮಾಡಿದ ನಾನೂ ಆ ಸಾಲನ್ನು ಹೇಳಿರಲಿಲ್ಲ. ಗಂಧ ಹೋಯಿತು, ಮೆಣಸು ಹೋಯಿತು ಎಂದೆನೇ ಹೊರತು ಕಾಡಿನಿಂದ ಅದನ್ನು ಹೊತ್ತು ತಂದ ಹೆಗಲ ಬಗ್ಗೆ ಒಮ್ಮೆಯೂ ಮಾತಾಡಿರಲಿಲ್ಲ.

ಆ ಸಂಜೆ, ಅದೇ ಕಾವಿನಲ್ಲಿ ಪತ್ರ ಬರೆದೆ. ಏಳು ಪುಟ. ಕಾಯಿಲೆಯ ರಜೆ ಕೊಡದ ತಪ್ಪು, ಸರಪಳಿಯನ್ನು ಪರೀಕ್ಷಿಸದ ತಪ್ಪು, ನೋವಿನಲ್ಲಿದ್ದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ತಪ್ಪು, ಹಲಗೆಯ ಅಂಕೆಯ ತಪ್ಪು, ಒಂದನ್ನೂ ಬಿಡಲಿಲ್ಲ. ಕೊನೆಗೆ, ನಮ್ಮವರು ಕಳ್ಳರಲ್ಲ ಎಂದು ತಿಳಿಸಬೇಕಲ್ಲ ಎಂದು, ಒಂದು ಇಡೀ ಪುಟ ಮುಯ್ಯಿಯ ಬಗ್ಗೆ ಬರೆದೆ. ನನ್ನ ತಾಲ್ಲೂಕಿನ ರೈತರು ಹೇಗೆ ದಿನಕ್ಕೆ ದಿನ ಕೊಟ್ಟು ಬದುಕುತ್ತಾರೆ, ಬದಲಿಗೆ ಹೋಗುವುದು ನಮ್ಮಲ್ಲಿ ಹೇಗೆ ಮರ್ಯಾದೆಯ ವಿಷಯ, ಕೋಣೆಯ ಸಂಗಾತಿ ತನ್ನ ಪಾಸನ್ನು ತಾನೇ ಮನಸಾರೆ ಕೊಟ್ಟಿದ್ದು ಆ ಮರ್ಯಾದೆಯಿಂದಲೇ, ಇಬ್ಬರೂ ವರ್ಷಗಳಿಂದ ಹೀಗೆ ನಡೆದುಕೊಂಡು ಬಂದಿದ್ದಾರೆ. ಬರೆದು ಓದಿಕೊಂಡಾಗ ಕಣ್ಣು ತುಂಬಿತು. ಅಷ್ಟು ಚೆನ್ನಾಗಿತ್ತು.

ಫೋರ್‌ಮನ್ನನ ಮಾತನ್ನು ಬರೆಯಲಿಲ್ಲ. ಸಾಕ್ಷಿಯಿಲ್ಲದ ಆರೋಪ ಮಾಡಬಾರದೆಂಬ ಶಿಸ್ತು ನನ್ನದು.

ಪತ್ರವನ್ನು ಕಂಪನಿಯ ಕಚೇರಿಯಲ್ಲಿ ಕೊಟ್ಟು, ಅವ್ವನಿಗೆ ಫೋನಿನಲ್ಲಿ ಸುದ್ದಿ ಹೇಳಿ, ತಮ್ಮನನ್ನು ಜೊತೆಯಲ್ಲೇ ಕರೆದುಕೊಂಡು ಅಕ್ಕಿಹೆಬ್ಬಾಳಿಗೆ ಬಂದೆ. ಒಂದು ತಿಂಗಳ ಮೇಲೆ ಕಂಪನಿಯ ಉತ್ತರ ಬಂತು, ಅರ್ಧ ಪುಟ. ಗಾಯಾಳುವಿನ ಕುಟುಂಬವೇ ಲಿಖಿತವಾಗಿ ಒಪ್ಪಿಕೊಂಡಿರುವಂತೆ ಈ ಇಬ್ಬರೂ ಪ್ರವೇಶಪತ್ರಗಳನ್ನು ಬದಲಾಯಿಸಿಕೊಳ್ಳುವ ಅಭ್ಯಾಸ ಹೊಂದಿದ್ದರು. ಆದ್ದರಿಂದ ಅತಿಕ್ರಮ ಪ್ರವೇಶವೆಂಬ ನಮ್ಮ ತೀರ್ಮಾನ ಖಚಿತವಾಗಿದೆ. ಪ್ರವೇಶಪತ್ರ ನೀಡಿದವರ ಬಗ್ಗೆ ಪ್ರತ್ಯೇಕ ಕ್ರಮ ಜರುಗಿಸಲಾಗುತ್ತಿದೆ. ನನ್ನ ಏಳು ಪುಟಗಳಲ್ಲಿ ಅವರಿಗೆ ಬೇಕಾದದ್ದು ಕೊನೆಯ ಒಂದು ಪುಟ ಮಾತ್ರ. ಅದನ್ನು ಅವರು ಬಹಳ ಗಮನವಿಟ್ಟು ಓದಿದ್ದರು.

ತಮ್ಮನಿಗೆ ಓದಿ ಹೇಳಿದೆ. ಅವನು ಜಗಲಿಯ ಮೇಲೆ ಎಡಗೈಯಿಂದ ಅವರೆಕಾಯಿ ಸುಲಿಯುತ್ತಿದ್ದ.

“ಮುಯ್ಯಿ ಇಚಾರ ಯಾಕಕ್ಕ ಬರಿಯಕ್ಕೋದೆ? ಅದೇನು ಅವ್ರಿಗ್ ಅರ್ಥ ಆಯ್ತದಾ?”

ಅರ್ಥವಾಗಿತ್ತು. ಅದೇ ತೊಂದರೆಯಾಗಿತ್ತು.

ಎರಡು ದೇಶಗಳ ಕಚೇರಿಗಳಿಗೂ ಬರೆದೆ, ವಕೀಲರನ್ನು ಕಂಡೆ. ಪಾಸು ಬದಲಾದದ್ದು ಗೊತ್ತಿದ್ದೂ ಫೋರ್‌ಮನ್ ಇವರನ್ನು ಒಳಗೆ ಬಿಡುತ್ತಿದ್ದನೆಂದು ಹೇಳುವ ಒಬ್ಬ ಸಾಕ್ಷಿ ಬೇಕು, ಅದೊಂದಿದ್ದರೆ ಅತಿಕ್ರಮಣವೆಂಬ ಮಾತು ನಿಲ್ಲುವುದಿಲ್ಲ ಎಂದರು ವಕೀಲರು. ನನಗೆ ಗೊತ್ತಿದ್ದ ಅಂಥ ಸಾಕ್ಷಿ ಒಬ್ಬನೇ, ಗೋವಿಂದನಹಳ್ಳಿಯವನು. ಅವನ ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಕಂಪನಿಯ ಕೈಗೆ ಕೊಟ್ಟವಳು ನಾನು. ಕೆ.ಆರ್. ಪೇಟೆಯ ಮದುವೆಯೊಂದರಲ್ಲಿ ನೆಂಟನೊಬ್ಬ, “ಏನ್ಲಾ, ಕಳ್ ಪಾಸ್ನಲ್ಲಿ ಓಗಿದ್ಯಂತೆ?” ಎಂದು ತಮ್ಮನ ಬೆನ್ನು ತಟ್ಟಿ ನಕ್ಕ. ತಮ್ಮನೂ ನಕ್ಕ. ನಾನು ಎಲೆಯ ಮುಂದಿನಿಂದ ಎದ್ದು ಬಂದೆ. ಆ ಪದ ಕಡಲು ದಾಟಿ ನಮ್ಮೂರಿನ ಚಪ್ಪರದೊಳಗೂ ಬಂದು ಕೂತಿತ್ತು.

ನಾಟಿಯ ಕಾಲ ಬಂತು. ನಮ್ಮ ಅರ್ಧ ಎಕರೆಗೆ ಯಾರನ್ನು ಕರೆಯುವುದೆಂದು ಅವ್ವ ಯೋಚಿಸುತ್ತಿದ್ದ ದಿನ ಬೆಳಿಗ್ಗೆ, ಅಕ್ಕಿಹೆಬ್ಬಾಳಿನ ಸಣ್ಣ ಸ್ಟೇಷನ್ನಿನ ಕಡೆಯಿಂದ ಒಬ್ಬ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಡೆದು ಬಂದ. ಗೋವಿಂದನಹಳ್ಳಿಯವನು. ರಜೆಯ ಮೇಲೆ ಊರಿಗೆ ಬಂದು ನಾಲ್ಕು ದಿನವಾಗಿತ್ತಂತೆ.

“ಏನ್ಲಾ, ಇತ್ಲಾಗೆ?” ಎಂದ ತಮ್ಮ.

“ನಿನ್ ಮಕ ನೋಡಕ್ ಬಂದೆ ಅನ್ಕಂಡ್ಯಾ? ಆ ಶುಕ್ರವಾರದ್ದು ಒಂದ್ ದಿನ ನನ್ ಮೇಲದೆ ಕಣ್ಲಾ. ಪೈರು ಎಲ್ಲಿ ತೋರ್ಸು.”

ಪ್ಯಾಂಟು ಮಡಚಿ ಗದ್ದೆಗಿಳಿದ. ನಾನು ಬದುವಿನ ಮೇಲೆ ನಿಂತಿದ್ದೆ. ನನ್ನ ಕಡೆ ಅವನು ನೋಡಲಿಲ್ಲ. ತಮ್ಮನ ಮೂರು ಬೆರಳಿಗೆ ಇವನು ತೀರಿಸಬೇಕಾದದ್ದು ಒಂದು ದಿನದ ನಾಟಿಯೇ ಎಂದು ನನಗೆ ಮೈ ಉರಿಯಿತು. ಕೂಗಿ ಹೇಳಿಯೂ ಬಿಟ್ಟೆ: “ನಿನ್ನಿಂದ ಬೇಕಾದ್ದು ನಾಟಿಯಲ್ಲಪ್ಪ, ಒಂದು ಮಾತು.”

ಅವನು ಬಗ್ಗಿದಲ್ಲಿಂದಲೇ, “ನಿಮ್ ಮಾತು ಮುಗುದ್ ಮೇಲೆ ನಂದೇನ್ ಉಳಿತದೆ ಮೇಡಮ್ಮೋರೆ,” ಎಂದ. ಅಕ್ಕ ಎನ್ನಲಿಲ್ಲ.

ಮಧ್ಯಾಹ್ನ ಬದುವಿನ ಮೇಲೆ ಮುದ್ದೆ ಉಣ್ಣುವಾಗ ತನ್ನ ಚೀಲದಿಂದ ಪ್ಲಾಸ್ಟಿಕ್ಕಿನೊಳಗೆ ಮಡಚಿಟ್ಟ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ. ಇಂಗ್ಲಿಷಿನಲ್ಲಿತ್ತು. ಅವನ ಪಾಸನ್ನು ಅವನಿಗೆ ತಿಳಿಯದಂತೆ, ಅವನು ಕಾಯಿಲೆಯಿಂದ ಮಲಗಿದ್ದಾಗ, ನನ್ನ ತಮ್ಮ ಕದ್ದೊಯ್ದ ಎಂಬ ಹೇಳಿಕೆ. ಸಹಿಯ ಜಾಗ ಖಾಲಿ. ಸಹಿ ಹಾಕಿದ ಕಾಗದದೊಡನೆ ಬಂದರೆ ಮಾತ್ರ ಕೆಲಸ. ಇಲ್ಲವಾದರೆ ಹಿಂದಿರುಗುವ ಟಿಕೆಟ್ಟು ರದ್ದು.

“ಮನಸಾರೆ ಕೊಟ್ಟ ಅಂತ ನೀವ್ ಬರುದ್ರಲ್ಲ, ಅದ್ಕೇಯ ಇದು,” ಎಂದ. “ಕೊಟ್ಟಿದ್ರೆ ಫೋರ್‌ಮನ್ ತಪ್ಪೂ ಈಚಿಕ್ ಬತ್ತದೆ. ಕದ್ದಿದ್ರೆ ಯಾರ ತಪ್ಪೂ ಇಲ್ಲ.”

ಅತಿಕ್ರಮಣಕಾರ ಈಗ ಕಳ್ಳನೂ ಆಗಬೇಕಿತ್ತು. ತಮ್ಮನೇ ಮಾತಾಡಿದ, ಸೊಪ್ಪಿನ ಸಾರಿನೊಳಗೆ ಎಡಗೈಯ ಬೆರಳು ಅದ್ದಿಕೊಂಡು.

“ಆಕ್ಬುಡ್ಲಾ ಸೈನು. ನನ್ ಬೆರಳೇನ್ ವಾಪಸ್ ಬರಾಕಿಲ್ಲ. ನೀನಾದ್ರೂ ದುಡ್ಕೊ.”

“ಬಾಯ್ಮುಚ್ಕಂಡ್ ಉಣ್ಲಾ,” ಎಂದ ಅವನು.

“ನೀನು ಸಹಿ ಹಾಕಿದರೆ,” ಎಂದು ನಾನು ಶುರುಮಾಡಿದೆ. ಅವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಅಮುಕಿದಳು. ಬಹುಶಃ ನನ್ನ ಬದುಕಿನಲ್ಲಿ ಮೊದಲ ಸಲ ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದೆ.

ಅವನು ಮತ್ತೆ ಗದ್ದೆಗಿಳಿದ. ಸಂಜೆಯವರೆಗೆ ನಾಟಿ ಹಾಕಿದ, ಇಬ್ಬರ ಕೆಲಸ ಒಬ್ಬನೇ. ಪಕ್ಕದ ಸಾಲು ತಮ್ಮನದು. ಎಡಗೈಯಲ್ಲಿ ಒಂದೊಂದೇ ಪೈರು ಊರುತ್ತ ಅವನು ಹಿಂದುಳಿಯುತ್ತಿದ್ದ. “ಏನ್ಲಾ, ಹೆಣ್ ನೋಡಕ್ ಬಂದೋನಂಗೆ ನಿಂತಿದ್ದೀಯಲ್ಲ, ನಡಿಲಾ,” ಎಂದು ಇವನು ಛೇಡಿಸುತ್ತಿದ್ದ, ಹಾಗೆನ್ನುತ್ತಲೇ ಅವನ ಸಾಲಿನಲ್ಲಿ ಉಳಿದದ್ದನ್ನೂ ತಾನೇ ತುಂಬುತ್ತಿದ್ದ.

ಬಿಸಿಲು ಇಳಿದ ಮೇಲೆ ಕಾಲುವೆಯಲ್ಲಿ ಕೈಕಾಲು ತೊಳೆದು ಬಂದು, ನನ್ನೆದುರು ಕುಕ್ಕರುಗಾಲಿನಲ್ಲಿ ಕೂತ. ಆ ಕಾಗದವನ್ನು ತಿರುಗಿಸಿ ಹಿಂಬದಿಯ ಬಿಳಿಯ ಭಾಗ ಮೇಲೆ ಮಾಡಿ ಇಟ್ಟ.

“ಬರ್ಕಳಿ ಅಕ್ಕ. ನಾನ್ ಯೋಳ್ದಂಗೇ ಬರೀಬೇಕು. ನಿಮ್ಮಾತು ಒಂದೂ ಸೇರುಸ್ಬಾರ್ದು.”

ಬರೆದುಕೊಂಡೆ. ಆ ಶುಕ್ರವಾರ ನನ್ನ ಕಣ್ಣು ಉರಿಯುತ್ತಿತ್ತು. ಅವನು ನನ್ನ ಬದಲು ಹೋದ, ಪಾಸು ನಾನೇ ಕೊಟ್ಟೆ. ಗೇಟಿನ ಹತ್ತಿರ ಫೋರ್‌ಮನ್ ಅವನ ಮುಖ ನೋಡಿ ಒಳಗೆ ಬಿಟ್ಟ, ಅದನ್ನು ನಮ್ಮ ಕೋಣೆಯ ಇಬ್ಬರು ಕಂಡಿದ್ದಾರೆ. ಹೆಲ್ಮೆಟ್ ಎಣಿಸಿ ಹತ್ತು ಸರಿಯಾಗಿದೆ ಎಂದ.

ಅಷ್ಟೇ. ನನ್ನ ಪೆನ್ನು ಕಾಗದದ ಮೇಲೆಯೇ ನಿಂತಿತ್ತು. ಇದು ಅನ್ಯಾಯ ಎಂದೊಂದು ಪದ, ಕಾಯಿಲೆಯ ರಜೆಯ ಬಗ್ಗೆ ಒಂದು ಸಾಲು, ಕನಿಷ್ಠ ಆ ಹಲಗೆಯ ಅಂಕೆಯ ಬಗ್ಗೆ ಒಂದು ಮಾತು ಸೇರಿಸಲು ಕೈ ತುಡಿಯುತ್ತಿತ್ತು. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಪೆನ್ನನ್ನು ಅವನಿಗೆ ಕೊಟ್ಟೆ. ಸಹಿ ಹಾಕಿದ. ತಮ್ಮ ಎಡಗೈಯಲ್ಲಿ, ಒಂದನೇ ತರಗತಿಯ ಮಗುವಿನಂತೆ ನಾಲಿಗೆ ಕಚ್ಚಿಕೊಂಡು, ಹೆಬ್ಬೆಟ್ಟಲ್ಲ, ತನ್ನ ಹೆಸರನ್ನೇ ಬರೆದ.

“ಈಗ ನಿಂದೊಂದ್ ದಿನ ನನ್ ಮೇಲಾಯ್ತು ಕಣ್ಲಾ,” ಎಂದ ತಮ್ಮ.

“ನಿನ್ ಮೇಲಲ್ಲ, ಅವ್ರ ಮೇಲೆ,” ಎಂದು ಅವನು ಗದ್ದದಿಂದ ನನ್ನ ಕಡೆ ತೋರಿಸಿದ.

ಅವನ ಟಿಕೆಟ್ಟು ರದ್ದಾಯಿತು. ಈಗ ಕೆ.ಆರ್. ಪೇಟೆಯ ಅದೇ ಶೆಡ್ಡಿನಲ್ಲಿ ಟ್ರೈಲರುಗಳನ್ನು ಬೆಸೆಯುತ್ತಾನೆ, ಕಪ್ಪು ಗಾಜು ಹಾಕಿಕೊಂಡು. ದಾಖಲೆಯನ್ನು ಮರುಪರಿಶೀಲಿಸಲಾಗುತ್ತಿದೆ ಎಂದು ಕಂಪನಿ ಬರೆದಿದೆ. ಅತಿಕ್ರಮಣಕಾರ ಎಂಬ ಪದದ ಬದಲು ಈ ಬಾರಿ ಸಂಬಂಧಿತ ವ್ಯಕ್ತಿ ಎಂದಿದ್ದಾರೆ. ಕೆಲಸಗಾರ ಎಂದು ಇನ್ನೂ ಬರೆದಿಲ್ಲ. ಬರೆಯುವವರೆಗೆ ನಾನು ಬಿಡುವುದಿಲ್ಲ, ಆದರೆ ಈಗ ನನ್ನ ಪತ್ರಗಳು ಅರ್ಧ ಪುಟ ದಾಟುವುದಿಲ್ಲ. ಕ್ಯಾಂಪಿನ ಆ ಕೋಣೆಯಲ್ಲಿ ಉಳಿದವನೊಬ್ಬ ಮೊನ್ನೆ ಫೋನು ಮಾಡಿದ್ದ. ಗೇಟಿನ ಹಲಗೆಯ ಬಗ್ಗೆ ಕೇಳಿದೆ. ಅಂಕೆ ದಿನಾ ಹತ್ತುತ್ತಲೇ ಇದೆಯಂತೆ.

ಈ ವರ್ಷ ನಾಟಿಗೆ ನಾನು ಕಾಲೇಜಿಗೆ ಒಂದು ದಿನ ರಜೆ ಹಾಕಿ ಗೋವಿಂದನಹಳ್ಳಿಗೆ ಹೋದೆ. ಐದು ಲಿಂಗಗಳ ಆ ಹಳೆಯ ಗುಡಿಯ ಬಗ್ಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅವತ್ತು ಅದರ ಪಕ್ಕದ ದಾರಿಯಲ್ಲಿ ತಲೆಯೆತ್ತದೆ ನಡೆದು, ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದೆ. ಮೂವತ್ತು ವರ್ಷದ ಮೇಲೆ ಇಳಿದದ್ದು. ಅವನ ತಾಯಿ ಬದುವಿನ ಮೇಲಿಂದ ನೋಡಿ, “ಲೇ, ಯಾರನ್ ಕರ್ಕಬಂದಿದ್ದೀಯ, ಸಾಲು ನೋಡು, ಹಾವು ಹರಿದಂಗೆ,” ಎಂದಳು. ಅವನು ಹಲ್ಲು ಕಿರಿದ. ನಾನು ಸೊಟ್ಟಗೆ ಹೋದದ್ದನ್ನೆಲ್ಲ ಕಿತ್ತು, ಮೊದಲಿನಿಂದ ಊರತೊಡಗಿದೆ. ಸೊಂಟ ಮುರಿಯುತ್ತಿತ್ತು, ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ, ಇನ್ನೂ ಮುಕ್ಕಾಲು ಗದ್ದೆ ಬಾಕಿಯಿತ್ತು.